ಹಲ್ಲಿಗಳೂ ಒಬ್ಬ ವರದಿಗಾರ್ತಿಯೂ

1983ರ ಮೇ 1 ಮತ್ತು 2. ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ ಎರಡು ರಾತ್ರಿ 'ವಿ' ಅನ್ನೋ ಕಿರುಸರಣಿ ಪ್ರಸಾರವಾಯ್ತು. ಊರಗಲದ ಐವತ್ತು ಹಾರುವ ತಟ್ಟೆಗಳು ಜಗತ್ತಿನ ಮಹಾನಗರಗಳ ನೆತ್ತಿ ಮೇಲೆ ಬಂದು ನಿಲ್ಲುತ್ತವೆ. ಇಳಿದವರು ಥೇಟ್ ನಮ್ಮಂತೆಯೇ, ನಗುನಗುತ್ತಾ ಸ್ನೇಹದ ಮಾತಾಡ್ತಾರೆ. ಮುಖದ ಚರ್ಮ ಕಿತ್ತರೆ ಒಳಗೆ ಹಲ್ಲಿ!

ಸ್ವಾರಸ್ಯ ಇಲ್ಲಿದೆ ನೋಡಿ. ಕೆನೆತ್ ಜಾನ್ಸನ್ ಮೊದಲು ಬರೆದ ಕಥೆಯಲ್ಲಿ ಅನ್ಯಗ್ರಹದವರೇ ಇರಲಿಲ್ಲ. ಸಿಂಕ್ಲೇರ್ ಲೂಯಿಸ್‌ರ 1935ರ ಕಾದಂಬರಿಯಿಂದ ಪ್ರೇರಿತರಾಗಿ, ಅಮೆರಿಕದಲ್ಲೇ ಹುಟ್ಟುವ ಸರ್ವಾಧಿಕಾರದ ಕಥೆ ಬರೆದಿದ್ದರು. ಚಾನೆಲ್‌ನವರಿಗೆ ಆಕಾಶಯುದ್ಧ ಬೇಕಿತ್ತು. ಹಲ್ಲಿಗಳು ಬಂದವು, ಹಿಟ್ಲರನ ಜರ್ಮನಿ ಮಾತ್ರ ಹೋಗಲಿಲ್ಲ. ಅಲ್ಲಿ ಯಹೂದಿಗಳು, ಇಲ್ಲಿ ವಿಜ್ಞಾನಿಗಳು. ನಾಜಿ ಶಿಬಿರದಿಂದ ಬದುಕಿ ಬಂದ ಅಜ್ಜನ ಮನೆಯಲ್ಲಿ ಮೊಮ್ಮಗನೇ ಚಾಡಿಕೋರ.

ನನ್ನನ್ನು ಕಾಡಿದ್ದು ಮಾತ್ರ ಕ್ರಿಸ್ಟೀನ್ ವಾಲ್ಶ್. ಟಿವಿ ವರದಿಗಾರ್ತಿ, ಹಲ್ಲಿಗಳ ವಕ್ತಾರೆಯಾಗ್ತಾಳೆ. ಕ್ಯಾಮೆರಾಮನ್ ಡೊನೊವನ್ ಜೀವ ಒತ್ತೆಯಿಟ್ಟು ಸತ್ಯ ಚಿತ್ರೀಕರಿಸಿ ತರ್ತಾನೆ. ಟೇಪು ಪ್ರಸಾರವಾಗೋ ಹೊತ್ತಿಗೆ ಅದೇ ತೆರೆಯ ಮೇಲೆ ಬಂದು ಅವನನ್ನೇ ಅಪರಾಧಿ ಅಂತ ಓದ್ತಾಳೆ. ಆಕೆ ರಾಕ್ಷಸಿಯೇನಲ್ಲ. ಎಲ್ಲರಿಗಿಂತ ಹತ್ತಿರದ ಕುರ್ಚಿ ಸಿಕ್ಕಿತ್ತು, ಅಷ್ಟೇ. ಆ ಕುರ್ಚಿಯ ರುಚಿ ಏನು ಅಂತ ಈ ಡೆಸ್ಕಿನಲ್ಲಿ ಕೂತ ನನಗೆ ಗೊತ್ತಿಲ್ಲ ಅಂದ್ರೆ ನೀವು ನಂಬಬೇಡಿ.

1984ರ ಮುಂದುವರಿದ ಭಾಗದಲ್ಲಿ, ನೇರಪ್ರಸಾರದಲ್ಲೇ ನಾಯಕನ ಮುಖವಾಡ ಕಳಚಿ ಬೀಳುತ್ತೆ. ಅದು ಮೋಸ ಅಂತ ಹೇಳು ಎಂದು ಆಕೆಗೆ ಆಜ್ಞೆ. ಆಕೆ ಕ್ಯಾಮೆರಾ ನೋಡಿ ನಿಜ ಹೇಳ್ತಾಳೆ. ಗುಂಡು ಬೀಳುತ್ತೆ.