ಮುಟ್ಟಿದರೆ ಮುನಿ ಕಲಿಸಿದ ನಿದ್ದೆಯ ಪಾಠ

ನಮ್ಮ ರಾಜೋಳಿ ನೇಕಾರರ ಊರು. ರಾತ್ರಿಯೆಲ್ಲಾ ಮಗ್ಗದ ಮುಂದೆ ಕೂತವರಿಗೆ ಹಗಲು ಮಲಗಿದರೂ ನಿದ್ದೆ ಹತ್ತದು. ಏಕೆ?

1729ರಲ್ಲಿ ಫ್ರಾನ್ಸಿನ ದ ಮೈರಾನ್ ಮುಟ್ಟಿದರೆ ಮುನಿಯಂಥ ಗಿಡವನ್ನು ಕತ್ತಲಲ್ಲಿಟ್ಟರು. ಬೆಳಕಿಲ್ಲದಿದ್ದರೂ ಎಲೆಗಳು ಹಗಲು ಬಿಚ್ಚಿ, ರಾತ್ರಿ ಮುಚ್ಚಿದವು! ಜೀವಿಗಳೊಳಗೇ ಗಡಿಯಾರವಿದೆ ಎಂಬುದಕ್ಕೆ ಇದೇ ಮೊದಲ ಸುಳಿವು. ನಮ್ಮೊಳಗೂ ಅದಿದೆ, ದಿನವೂ ಅದಕ್ಕೆ ಕೀಲಿ ಕೊಡುವುದು ಬೆಳಗಿನ ಬೆಳಕು.

1958ರಲ್ಲಿ ಅಮೆರಿಕದ ಆರನ್ ಲರ್ನರ್ ಮೆಲಟೋನಿನ್ ಪತ್ತೆಹಚ್ಚಿದರು. ಕತ್ತಲಾದಾಗ ಮೆದುಳಿನಲ್ಲಿ ಹುಟ್ಟುವ ಈ ಹಾರ್ಮೋನು ಇಂದು ಮಾತ್ರೆಯಾಗಿಯೂ ಸಿಗುತ್ತದೆ. ಆದರೆ ಖಿನ್ನತೆಯ ಫ್ಲುವೊಕ್ಸಮಿನ್ ಜೊತೆ ನುಂಗಿದರೆ ರಕ್ತದಲ್ಲಿ ಅದರ ಮಟ್ಟ ಹಲವು ಪಟ್ಟು ಏರುತ್ತದೆ. ವಾರ್ಫರಿನ್ ಜೊತೆಯಾದರೆ ರಕ್ತಸ್ರಾವದ ಭಯ.

ಮಕ್ಕಳೇ, ನಿದ್ದೆ ಮಾತ್ರೆ ಕೇಳುವ ಮುನ್ನ ಅಜ್ಜ ಅಜ್ಜಿಯರ ಹಳೆಯ ಔಷಧಿ ಚೀಟಿಗಳನ್ನೂ ವೈದ್ಯರಿಗೆ ತೋರಿಸಿ. ಚೀಟಿ ಓದಲು ಬರುವುದು ನಿಮಗೇ ಅಲ್ಲವೇ?