ಮನೆ ಮುಂದಿನ ಕಣಗಿಲೆ: ಕಿತ್ತು ಹಾಕಬೇಕೆ, ಬೆಳೆಸಬಹುದೆ?

ಕಣಗಿಲೆ ಗಿಡದ ಬಗ್ಗೆ ವಾಟ್ಸಾಪಿನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದರ ಪ್ರಕಾರ ಅದು ಮನೆ ಹತ್ತಿರ ಇದ್ದರೇ ಅಪಾಯ. ಅದರ ಗಾಳಿಯೂ ವಿಷ, ಇವತ್ತೇ ಬುಡಸಮೇತ ಕಿತ್ತು ಹಾಕಿ. ಇನ್ನೊಂದರ ಪ್ರಕಾರ ಅದು ದೇವರಿಗೆ ಏರಿಸುವ ಹೂ, ಅಜ್ಜಿ ಕಾಲದ ಮದ್ದು. ಎಲೆ ಕುದಿಸಿ ಕುಡಿಯಿರಿ, ಏನೂ ಆಗುವುದಿಲ್ಲ. ಎರಡೂ ತಪ್ಪು. ಎರಡನೆಯದು ಜೀವಕ್ಕೇ ಕುತ್ತು ತರುವ ತಪ್ಪು.

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆಯವರಿಗೆ ಈ ಗಿಡ ಹೊಸದಲ್ಲ. ಮನೆ ಅಂಗಳ, ಗುಡಿಯ ಆವರಣ, ಶಾಲೆ ಕಾಂಪೌಂಡು, ಹೆದ್ದಾರಿಯ ನಡುವಿನ ಪಟ್ಟಿ, ಎಲ್ಲೆಡೆ ಇದೆ. ಕೊಳವೆಬಾವಿ ಬತ್ತಿ ತೆಂಗಿನ ಗರಿಗಳೇ ಜೋತುಬೀಳುವ ಬೇಸಿಗೆಯಲ್ಲೂ ಇದು ಗೊಂಚಲು ಗೊಂಚಲು ಹೂ ಬಿಡುತ್ತದೆ. ಹಾಗಾದರೆ ಇದನ್ನು ಬೆಳೆಸಬಹುದೆ?

ಚುಟುಕಾಗಿ ಹೇಳುವುದಾದರೆ: ಬೆಳೆಸಬಹುದು. ಮುಟ್ಟಿದರೆ, ಮೂಸಿದರೆ ಯಾರೂ ಸಾಯುವುದಿಲ್ಲ. ಆದರೆ ಎಲೆ, ಹೂ, ಕಡ್ಡಿ, ಬೇರು, ಬೀಜ ಯಾವುದೂ ಮನುಷ್ಯರ ಬಾಯಿಗೂ ಹೋಗಬಾರದು, ದನಕರುಗಳ ಬಾಯಿಗೂ ಹೋಗಬಾರದು. ಒಣಗಿದ ಮೇಲೂ ಹೋಗಬಾರದು.

ಯಾವ ಕಣಗಿಲೆ?

ಗೊಂದಲ ಹೆಸರಿನಿಂದಲೇ ಶುರುವಾಗುತ್ತದೆ. ಕನ್ನಡದಲ್ಲಿ ನಾಲ್ಕು ಬೇರೆ ಬೇರೆ ಗಿಡಗಳಿಗೆ ಕಣಗಿಲೆ ಎನ್ನುತ್ತೇವೆ.

• ಕಣಗಿಲೆ ಅಥವಾ ಕಣಗಲು: ಸಂಸ್ಕೃತದಲ್ಲಿ ಕರವೀರ, ವಿಜ್ಞಾನದ ಹೆಸರು ನೀರಿಯಂ ಒಲಿಯಾಂಡರ್. ಉದ್ದನೆಯ, ದಪ್ಪನೆಯ, ಚೂಪು ಎಲೆಗಳು. ಒಂದೊಂದು ಗೆಣ್ಣಿನಲ್ಲಿ ಸಾಮಾನ್ಯವಾಗಿ ಮೂರು ಎಲೆ. ಗುಲಾಬಿ, ಕೆಂಪು, ಬಿಳಿ ಹೂ. ಈ ಲೇಖನ ಇದರ ಬಗ್ಗೆ.
• ಹಳದಿ ಕಣಗಿಲೆ: ಗಂಟೆಯಾಕಾರದ ಹಳದಿ ಹೂ, ಹಸಿರು ಗುಂಡಗಿನ ಕಾಯಿ. ಮೂಲ ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಇದೂ ಅಷ್ಟೇ ವಿಷಕಾರಿ, ಅದರಲ್ಲೂ ಬೀಜ.
• ದೇವಕಣಗಿಲೆ: ಬಿಳಿ ಹೂವಿನ ನಡುವೆ ಹಳದಿ, ಒಳ್ಳೆ ಪರಿಮಳ, ಎಲೆ ಉದುರಿದಾಗ ಬೋಳು ಕೊಂಬೆ. ಬೇರೆಯೇ ಮರ.
• ಕಾಶಿ ಕಣಗಿಲೆ: ಮೊಣಕಾಲೆತ್ತರದ ಪುಟ್ಟ ಗಿಡ, ನಿತ್ಯಪುಷ್ಪ ಎಂದೂ ಹೆಸರು. ಕ್ಯಾನ್ಸರ್ ಔಷಧಿಗಳಾದ ವಿನ್‌ಕ್ರಿಸ್ಟಿನ್, ವಿನ್‌ಬ್ಲಾಸ್ಟಿನ್ ಬಂದಿದ್ದು ಇದರಿಂದ.

‘ಕಣಗಿಲೆಯಿಂದ ಕ್ಯಾನ್ಸರ್ ವಾಸಿ’ ಎಂದು ಯಾರಾದರೂ ಕಳಿಸಿದರೆ ಈ ನಾಲ್ಕನೆಯದರ ಸುದ್ದಿಯನ್ನು ಮೊದಲನೆಯದಕ್ಕೆ ಅಂಟಿಸಿರುವ ಸಾಧ್ಯತೆ ಇದೆ. ಆ ಔಷಧಿಗಳನ್ನೂ ಕಾರ್ಖಾನೆಯಲ್ಲಿ ಶುದ್ಧಗೊಳಿಸಿ, ಆಸ್ಪತ್ರೆಯಲ್ಲಿ ಅಳತೆ ಮಾಡಿ ಕೊಡುತ್ತಾರೆ. ಕಾಶಿ ಕಣಗಿಲೆಯ ಎಲೆ ಜಗಿದರೂ ಆ ಚಿಕಿತ್ಸೆ ಆಗುವುದಿಲ್ಲ.

ನೀರಿಲ್ಲದೆ ಹೇಗೆ ಬದುಕುತ್ತದೆ?

ಕಾಡಿನಲ್ಲಿ ಕಣಗಿಲೆ ಬೆಳೆಯುವುದು ಹಳ್ಳದ ದಂಡೆಗಳಲ್ಲಿ. ಮಳೆ ಬಂದಾಗ ತುಂಬಿ ಹರಿದು, ಆಮೇಲೆ ತಿಂಗಳುಗಟ್ಟಲೆ ಒಣಗಿ ಬಿದ್ದಿರುವ ಹಳ್ಳಗಳವು. ನೆರೆಗೂ ಬರಕ್ಕೂ ಅದು ಹೊಂದಿಕೊಂಡಿದ್ದು ಹೀಗೆ.

ಗುಟ್ಟು ಎಲೆಯಲ್ಲಿದೆ. ಎಲೆಯ ಮೇಲೆ ಮೇಣದಂಥ ದಪ್ಪ ಪದರ. ಅದರ ಕೆಳಗೆ ಹೊರಚರ್ಮವೂ ಒಂದೇ ಸುತ್ತಲ್ಲ, ಹಲವು ಸುತ್ತು. ಎಲೆ ಉಸಿರಾಡುವ ರಂಧ್ರಗಳು ಮೇಲ್ಮೈಯಲ್ಲಿ ತೆರೆದುಕೊಂಡಿಲ್ಲ, ಎಲೆಯ ಅಡಿಭಾಗದ ಸಣ್ಣ ಗುಳಿಗಳ ಒಳಗೆ ಅಡಗಿವೆ. ಗುಳಿಯ ತುಂಬ ನವಿರು ಕೂದಲು. ಬಿಸಿಗಾಳಿ ನೇರವಾಗಿ ತಾಗದ ಕಾರಣ ನೀರು ಆವಿಯಾಗುವುದು ಕಡಿಮೆ. ಒಣನಾಡಿನ ಎಲೆ ಹೇಗಿರುತ್ತದೆ ಎಂದು ತೋರಿಸಲು ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯಗಳಲ್ಲಿ ಕಣಗಿಲೆಯ ಎಲೆಯನ್ನೇ ಕೊಯ್ದು ಸೂಕ್ಷ್ಮದರ್ಶಕದ ಕೆಳಗೆ ಇಡುವುದು ಇದಕ್ಕೇ.

ಇದರ ಗಟ್ಟಿತನಕ್ಕೆ ದೂರದ ಸಾಕ್ಷಿಯೊಂದಿದೆ. 1945ರ ಅಣುಬಾಂಬ್ ದಾಳಿಯ ನಂತರ ಹಿರೋಷಿಮಾದಲ್ಲಿ ಬೇಗನೆ ಹೂಬಿಟ್ಟ ಗಿಡಗಳಲ್ಲಿ ಕಣಗಿಲೆಯೂ ಒಂದು. ಇಂದು ಅದು ಆ ನಗರದ ಅಧಿಕೃತ ಹೂ.

ಬದುಕುಳಿಯಲು ಇನ್ನೊಂದು ಕಾರಣ ಅದರ ವಿಷ. ಬರದಲ್ಲಿ ಹಸಿರಾಗಿ ನಿಂತ ಗಿಡವನ್ನು ದನ, ಮೇಕೆಗಳು ಬಿಡುವುದುಂಟೆ? ಕಣಗಿಲೆಯ ಹಸಿ ಎಲೆ ಕಹಿ. ಮೂಸಿ ನೋಡಿ ಮುಂದೆ ಹೋಗುತ್ತವೆ. ಆರೈಕೆ ಬೇಡದ ಗಿಡ ಎಂದು ನಾವು ಮೆಚ್ಚುವ ಗುಣ ಮತ್ತು ನಾವು ಹೆದರುವ ಗುಣ, ಎರಡರ ಬೇರೂ ಇಲ್ಲೇ ಇದೆ.

ನೆಡುವುದು, ನೋಡಿಕೊಳ್ಳುವುದು

1. ಜಾಗ: ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ತೆಂಗಿನ ಮರಗಳ ನೆರಳಲ್ಲಿ ನೆಟ್ಟರೆ ಗಿಡ ಉದ್ದುದ್ದ ಎಳೆದುಕೊಂಡು ಹೋಗುತ್ತದೆ, ಹೂ ಕಡಿಮೆ. ತೋಟದ ಒಳಗಿಗಿಂತ ಅಂಗಳದ ಬಿಸಿಲು ಮೂಲೆ ವಾಸಿ. ಕೊಟ್ಟಿಗೆ, ದನ ಕಟ್ಟುವ ಗೂಟ, ನೀರಿನ ತೊಟ್ಟಿ, ಬಾವಿ, ಇವುಗಳ ಹತ್ತಿರ ಬೇಡ. ಉದುರಿದ ಎಲೆ ಗಾಳಿಗೆ ಹಾರಿ ತೊಟ್ಟಿಗೆ ಬಿದ್ದು ನೆನೆದರೆ ಆ ನೀರೂ ಅಪಾಯ.

2. ಮಣ್ಣು: ಕೆಂಪು ಮಣ್ಣು, ಗರಸು, ಕಲ್ಲು ನೆಲ ಯಾವುದಾದರೂ ನಡೆಯುತ್ತದೆ. ನೀರು ನಿಲ್ಲಬಾರದು ಅಷ್ಟೆ. ಒಂದೂವರೆ ಅಡಿ ಗುಂಡಿ ತೋಡಿ, ತೆಗೆದ ಮಣ್ಣಿಗೆ ಎರಡು ಬೊಗಸೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಸಾಲಾಗಿ ನೆಡುವುದಾದರೆ ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ ಇರಲಿ.

3. ಕಡ್ಡಿಯಿಂದ ಸಸಿ: ಪೂರ್ತಿ ಎಳೆಯದೂ ಅಲ್ಲದ, ಪೂರ್ತಿ ಬಲಿತದ್ದೂ ಅಲ್ಲದ ಕಡ್ಡಿಯನ್ನು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಉದ್ದಕ್ಕೆ ಕತ್ತರಿಸಿ. ಕೆಳಗಿನ ಎಲೆ ತೆಗೆದು ಮರಳು ಮತ್ತು ತೆಂಗಿನ ನಾರಿನ ಪುಡಿ ಬೆರೆಸಿದ ಚೀಲದಲ್ಲಿ ನೆಟ್ಟು ನೆರಳಲ್ಲಿಡಿ. ನಾಲ್ಕರಿಂದ ಆರು ವಾರದಲ್ಲಿ ಬೇರು ಬರುತ್ತದೆ. ಮುಂಗಾರು ಹಿಡಿದ ಮೇಲೆ ನೆಲಕ್ಕೆ ನೆಟ್ಟರೆ ನೀರು ಹೊರುವ ಕೆಲಸ ಉಳಿಯುತ್ತದೆ.

4. ನೀರು: ‘ನೀರೇ ಬೇಡದ ಗಿಡ’ ಎನ್ನುವುದು ಅರ್ಧ ಸತ್ಯ. ಮೊದಲ ಎರಡು ತಿಂಗಳು ಮಳೆ ಇಲ್ಲದಿದ್ದರೆ ಮೂರು ನಾಲ್ಕು ದಿನಕ್ಕೊಮ್ಮೆ, ಆಮೇಲೆ ಮೊದಲ ಬೇಸಿಗೆ ಮುಗಿಯುವವರೆಗೆ ವಾರಕ್ಕೊಮ್ಮೆ ಹಾಕಿ. ಬೇರು ಆಳಕ್ಕಿಳಿದ ಮೇಲೆ ಕಡು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಎರಡು ಕೊಡ ಹಾಕಿದರೂ ಹೂ ಚೆನ್ನಾಗಿರುತ್ತದೆ. ಹಾಕದಿದ್ದರೂ ಗಿಡ ಸಾಯುವುದಿಲ್ಲ, ಹೂ ಕಡಿಮೆ ಬಿಡುತ್ತದೆ. ಬುಡಕ್ಕೆ ತೆಂಗಿನಕಾಯಿ ಸಿಪ್ಪೆಯನ್ನು ಬೋರಲಾಗಿ ಹೊದಿಸಿದರೆ ತೇವ ಉಳಿಯುತ್ತದೆ. ಕುಂಡದಲ್ಲಿರುವ ಗಿಡಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ, ಮಣ್ಣು ಒಣಗಿದಾಗೆಲ್ಲ ನೀರು ಬೇಕು.

5. ಸವರುವುದು: ಹೊಸ ಚಿಗುರಿನ ತುದಿಯಲ್ಲಿ ಹೂ ಬರುತ್ತದೆ. ಒಂದು ಸುತ್ತು ಹೂ ಮುಗಿದ ಮೇಲೆ ಕೊಂಬೆಗಳನ್ನು ಮೂರನೇ ಒಂದು ಭಾಗ ಸವರಿ. ಕೈಚೀಲ ಹಾಕಿಕೊಳ್ಳಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ರಸ ತಾಗಿದರೆ ಕೆಲವರಿಗೆ ಚರ್ಮ ಉರಿಯುತ್ತದೆ. ಕಣಗಿಲೆ ಸವರಿದ ಕುಡುಗೋಲನ್ನು ತೊಳೆಯದೆ ಮೇವು ಕೊಯ್ಯಲು ಬಳಸಬೇಡಿ.

6. ಹುಳ: ಎಳೆ ಚಿಗುರಿಗೆ ಕಿತ್ತಳೆ-ಹಳದಿ ಬಣ್ಣದ ಸಣ್ಣ ಹೇನು ಮುತ್ತುವುದು ಸಾಮಾನ್ಯ. ನೀರನ್ನು ಜೋರಾಗಿ ಹಾಯಿಸಿದರೆ ಬಹುಪಾಲು ಉದುರುತ್ತವೆ. ಬೆರಳು ಗಾತ್ರದ, ಬೆನ್ನ ಮೇಲೆ ನೀಲಿ ಕಣ್ಣಿನಂಥ ಚುಕ್ಕೆಯಿರುವ ಹಸಿರು ಹುಳ ಕಂಡರೆ ಅದು ಕಣಗಿಲೆ ಪತಂಗದ ಮರಿ. ಕಾಮನ್ ಕ್ರೋ ಎಂಬ ಕಂದು ಚಿಟ್ಟೆಯೂ ಇಲ್ಲಿ ಮೊಟ್ಟೆ ಇಡುತ್ತದೆ. ಈ ವಿಷವನ್ನು ತಿಂದು ಬದುಕಲು ಕಲಿತ ಜೀವಿಗಳಿವು. ನಾಲ್ಕು ಎಲೆ ಹೋದರೆ ಹೋಗಲಿ, ಗಿಡ ಮತ್ತೆ ಚಿಗುರುತ್ತದೆ.

ವಿಷ ಏನು ಮಾಡುತ್ತದೆ?

ಕಣಗಿಲೆಯಲ್ಲಿ ಒಲಿಯಾಂಡ್ರಿನ್ ಮತ್ತು ಅದೇ ಜಾತಿಯ ಹಲವು ರಾಸಾಯನಿಕಗಳಿವೆ. ನಮ್ಮ ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಶಿಯಂ ಒಳಗೆಳೆಯುವ ಪಂಪುಗಳಿರುತ್ತವೆ. ಹೃದಯ ತಾಳ ತಪ್ಪದೆ ಬಡಿಯುವುದು ಈ ಪಂಪುಗಳಿಂದ. ಒಲಿಯಾಂಡ್ರಿನ್ ಅವನ್ನು ತಡೆಯುತ್ತದೆ. ಮೊದಲು ವಾಂತಿ, ಹೊಟ್ಟೆನೋವು, ಭೇದಿ. ಆಮೇಲೆ ತಲೆಸುತ್ತು, ನಾಡಿ ನಿಧಾನವಾಗುವುದು, ಬಡಿತ ಏರುಪೇರಾಗುವುದು. ಹೆಚ್ಚಾದರೆ ಹೃದಯ ನಿಂತೇ ಹೋಗಬಹುದು. ಕುದಿಸಿದರೂ ಒಣಗಿಸಿದರೂ ಈ ವಿಷ ಹೋಗುವುದಿಲ್ಲ.

ನಮ್ಮ ಕಡೆಯ ನಿಜವಾದ ಅಪಾಯ: ಸವರಿ ಎಸೆದ ಕೊಂಬೆ

ನಿಂತ ಗಿಡದಿಂದ ದನಗಳಿಗೆ ಅಪಾಯ ಕಡಿಮೆ. ಅಪಾಯ ಇರುವುದು ನಾವು ಸವರಿ ಬೇಲಿಯಾಚೆ ಎಸೆದ ಕೊಂಬೆಯಲ್ಲಿ. ಬಾಡಿದ ಎಲೆಯನ್ನು ದನ, ಮೇಕೆ, ಕುರಿಗಳು ಹಸಿ ಎಲೆಯಷ್ಟು ದೂರವಿಡುವುದಿಲ್ಲ. ಒಣ ಹುಲ್ಲಿನ ಜೊತೆ ಬೆರೆತರೆ ಗೊತ್ತೇ ಆಗುವುದಿಲ್ಲ. ಮೇವಿಲ್ಲದ ವರ್ಷ ಹಸಿದ ಪ್ರಾಣಿ ಆರಿಸುತ್ತಾ ಕೂರುವುದೂ ಇಲ್ಲ.

ಎಷ್ಟು ತಿಂದರೆ ಅಪಾಯ? ದನಗಳಿಗೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 50 ಮಿಲಿಗ್ರಾಂ ಒಣ ಎಲೆ ಮಾರಕ ಎಂಬುದು ಪಶುವೈದ್ಯಕೀಯದಲ್ಲಿ ಒಪ್ಪಿದ ಅಂದಾಜು. 400 ಕಿಲೋ ತೂಗುವ ಹಸುವಿಗೆ ಅದು 20 ಗ್ರಾಂ, ಅಂದರೆ ಒಂದು ಹಿಡಿ ಒಣ ಎಲೆ. ಒಂದು ಹಸುವಿನ ಹಾಲಿನ ಮೇಲೆ ನಡೆಯುವ ಮನೆಗೆ ಆ ಒಂದು ಹಿಡಿ ಎಷ್ಟು ದುಬಾರಿ ಎಂದು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಸವರಿದ ಕೊಂಬೆಗಳನ್ನು ಅವತ್ತೇ ಎತ್ತಿ, ಎರಡು ಮೂರು ಅಡಿ ಗುಂಡಿಯಲ್ಲಿ ಹೂತು ಹಾಕಿ. ತಿಪ್ಪೆಗೆ ಎಸೆಯಬೇಡಿ, ದನ ಕೆದಕುತ್ತದೆ. ಒಲೆಗೆ, ನೀರೊಲೆಗೆ ಸೌದೆಯಾಗಿ ಬಳಸಬೇಡಿ, ಹೊಗೆ ಕುಡಿಯುವುದು ಒಳ್ಳೆಯದಲ್ಲ. ಗುಡಿಯ ನಿರ್ಮಾಲ್ಯ ಮತ್ತು ಹಬ್ಬದ ಮಾರನೇ ದಿನದ ಹಾರಗಳಿಗೂ ಇದೇ ಮಾತು. ‘ಹೂವಲ್ಲವೆ, ಹಸು ತಿನ್ನಲಿ’ ಎಂದು ಮುಂದೆ ಹಾಕುವ ಹಾರದಲ್ಲಿ ಕಣಗಿಲೆ ಇದೆಯೇ ನೋಡಿ.

ಕೇರಳದ ಸುದ್ದಿ ಮತ್ತು ‘ಅರಳಿ’ ಗೊಂದಲ

ಕಣಗಿಲೆ ಬಗ್ಗೆ ಭಯ ಇತ್ತೀಚೆಗೆ ಹೆಚ್ಚಿದ್ದು 2024ರಲ್ಲಿ. ಆ ವರ್ಷ ಏಪ್ರಿಲ್ ಕೊನೆಯಲ್ಲಿ ಕೇರಳದ ಯುವ ನರ್ಸ್ ಒಬ್ಬರು ಕೆಲಸಕ್ಕಾಗಿ ಬ್ರಿಟನ್ನಿಗೆ ಹೊರಟಿದ್ದಾಗ ಕುಸಿದು ಬಿದ್ದು, ಕೆಲವು ದಿನಗಳಲ್ಲೇ ತೀರಿಕೊಂಡರು. ಮನೆ ಬಳಿಯ ಗಿಡದ ಎಲೆ, ಹೂವನ್ನು ಅರಿವಿಲ್ಲದೆ ಬಾಯಿಗೆ ಹಾಕಿಕೊಂಡಿದ್ದರಿಂದ ಹೀಗಾಯಿತು ಎಂಬ ಅನುಮಾನ ವರದಿಯಾಯಿತು. ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಮಂಡಳಿಗಳು ತಮ್ಮ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಈ ಹೂ ಬಳಸುವುದನ್ನು ನಿಲ್ಲಿಸಿದವು.

ಆ ಸುದ್ದಿಗಳಲ್ಲಿ ಗಿಡದ ಹೆಸರು ‘ಅರಳಿ’. ಮಲಯಾಳ, ತಮಿಳಿನಲ್ಲಿ ಅರಳಿ ಎಂದರೆ ಕಣಗಿಲೆ. ಕನ್ನಡದಲ್ಲಿ ಅರಳಿ ಎಂದರೆ ಕಟ್ಟೆಯ ಮೇಲಿನ ಅಶ್ವತ್ಥ ಮರ! ‘ಅರಳಿ ಎಲೆ ತಿಂದು ಸಾವು’ ಎಂಬ ಸಂದೇಶ ಹಾಗೇ ಕನ್ನಡಕ್ಕೆ ಬಂದರೆ ಎರಡು ಅನಾಹುತ. ಅಶ್ವತ್ಥ ಮರದ ಬಗ್ಗೆ ಇಲ್ಲದ ಭಯ ಹುಟ್ಟುತ್ತದೆ, ಅಂಗಳದ ಕಣಗಿಲೆ ಬಗ್ಗೆ ಬೇಕಾದ ಎಚ್ಚರ ತಪ್ಪಿಹೋಗುತ್ತದೆ. ಇಂಥ ಸಂದೇಶ ಬಂದರೆ ಹೆಸರಿಗಿಂತ ಮೊದಲು ಗಿಡದ ಫೋಟೊ ನೋಡಿ.

ಸಂದೇಶಗಳಲ್ಲಿ ಎಷ್ಟು ನಿಜ?

ಹೇಳಿಕೆ: ಮುಟ್ಟಿದರೆ, ಮೂಸಿದರೆ ವಿಷ ಏರುತ್ತದೆ.
ವಾಸ್ತವ: ಇಲ್ಲ. ಹೂ ಕಟ್ಟುವವರು ದಿನವೂ ಮುಟ್ಟುತ್ತಾರೆ. ಊಟಕ್ಕೆ ಮುಂಚೆ ಕೈ ತೊಳೆಯಬೇಕು ಅಷ್ಟೆ.

ಹೇಳಿಕೆ: ದೇವರಿಗೆ ಏರಿಸುವ ಹೂ, ಆದ್ದರಿಂದ ತಿಂದರೂ ತೊಂದರೆ ಇಲ್ಲ.
ವಾಸ್ತವ: ಶಿವನಿಗೆ ಎಕ್ಕ, ದತ್ತೂರದ ಹೂವನ್ನೂ ಏರಿಸುತ್ತೇವೆ, ಅವನ್ನು ತಿನ್ನುವುದಿಲ್ಲ. ಪೂಜೆಗೆ ಬಳಸಿ. ತೀರ್ಥ, ಪಂಚಾಮೃತ, ನೈವೇದ್ಯದ ತಟ್ಟೆಗೆ ಎಸಳು ಬೀಳದಂತೆ ನೋಡಿಕೊಳ್ಳಿ. ಪ್ರಸಾದದ ಹೂವನ್ನು ಮಕ್ಕಳ ಕೈಗೆ ಕೊಡಬೇಡಿ.

ಹೇಳಿಕೆ: ಆಯುರ್ವೇದದಲ್ಲಿದೆ, ಹಾಗಾಗಿ ಮನೆಮದ್ದು ಮಾಡಬಹುದು.
ವಾಸ್ತವ: ಆಯುರ್ವೇದವೇ ಕರವೀರವನ್ನು ಉಪವಿಷಗಳ ಸಾಲಿನಲ್ಲಿ ಇಟ್ಟಿದೆ. ಭಾರತದ ಔಷಧ ನಿಯಮಗಳ ಇ(1) ಅನುಸೂಚಿಯಲ್ಲೂ ಅದು ವಿಷ ಪದಾರ್ಥಗಳ ಪಟ್ಟಿಯಲ್ಲಿದೆ.

ಹೇಳಿಕೆ: ಕಣಗಿಲೆ ಸಾರದಿಂದ ಕೊರೊನಾ ವಾಸಿಯಾಗುತ್ತದೆ.
ವಾಸ್ತವ: 2020ರಲ್ಲಿ ಅಮೆರಿಕದಲ್ಲಿ ಕೆಲವರು ಒಲಿಯಾಂಡ್ರಿನ್ ಪರವಾಗಿ ಪ್ರಚಾರ ಮಾಡಿದ್ದು ನಿಜ. ಅದನ್ನು ಆಹಾರ ಪೂರಕವಾಗಿ ಮಾರಲು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಲಿಲ್ಲ.

ಯಾರಾದರೂ ತಿಂದುಬಿಟ್ಟರೆ?

• ಬಾಯಲ್ಲಿ ಉಳಿದಿದ್ದನ್ನು ಉಗುಳಿಸಿ, ಬಾಯಿ ಮುಕ್ಕಳಿಸಲು ಹೇಳಿ.
• ಉಪ್ಪುನೀರು, ಹುಣಸೆನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹಾಲು, ಮಜ್ಜಿಗೆ ವಿಷವನ್ನು ಇಳಿಸುವುದಿಲ್ಲ.
• ಲಕ್ಷಣ ಕಾಣುವವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ಹೊರಡಿ.
• ಗಿಡದ ಒಂದು ಕೊಂಬೆಯನ್ನು ಕವರಿನಲ್ಲಿ ಹಾಕಿ ತೆಗೆದುಕೊಂಡು ಹೋಗಿ, ಅಥವಾ ಫೋಟೊ ತೋರಿಸಿ. ಯಾವ ಗಿಡ ಎಂದು ಗೊತ್ತಾದರೆ ವೈದ್ಯರಿಗೆ ಸಮಯ ಉಳಿಯುತ್ತದೆ.
• ದನ, ಕುರಿ, ಮೇಕೆ ತಿಂದಿದ್ದರೆ ಉಳಿದ ಎಲೆಯನ್ನು ಮುಂದಿನಿಂದ ತೆಗೆದು, ಪ್ರಾಣಿಯನ್ನು ಓಡಾಡಿಸದೆ ನೆರಳಲ್ಲಿ ನಿಲ್ಲಿಸಿ. ಪಶುವೈದ್ಯರಿಗೆ ಅಥವಾ 1962 ಸಹಾಯವಾಣಿಗೆ ಕರೆ ಮಾಡಿ.

ಚಿಕಿತ್ಸೆ ಇದೆ. ಹಳದಿ ಕಣಗಿಲೆಯ ವಿಷಪ್ರಕರಣ ಹೆಚ್ಚು ಕಾಣುವ ಶ್ರೀಲಂಕಾದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು, ಡಿಜಾಕ್ಸಿನ್ ವಿರುದ್ಧದ ಪ್ರತಿಕಾಯ ಚುಚ್ಚುಮದ್ದು ಹೃದಯದ ತಾಳವನ್ನು ಸರಿಪಡಿಸುತ್ತದೆ ಎಂದು ತೋರಿಸಿತು. ಆದರೆ ಅದು ದುಬಾರಿ, ಎಲ್ಲ ಕಡೆ ಸಿಗುವುದಿಲ್ಲ. ಬೇಗ ಆಸ್ಪತ್ರೆ ಸೇರುವುದೇ ನಮ್ಮ ಕೈಯಲ್ಲಿರುವ ದೊಡ್ಡ ಮದ್ದು.

ಕೊನೆಯದಾಗಿ

ಮನೆಯಲ್ಲಿ ತೆವಳುವ ಮಗುವೋ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳೋ, ಅಂಗಳದಲ್ಲೇ ಬಿಟ್ಟು ಸಾಕಿದ ಮೇಕೆಯೋ ಇದ್ದರೆ ಸದ್ಯಕ್ಕೆ ಕಣಗಿಲೆ ಬೇಡ. ಕಡಿಮೆ ನೀರಿನಲ್ಲಿ ಬೆಳೆಯುವ ಕಾಗದದ ಹೂವಿನ ಬಳ್ಳಿ ಹಾಕಿ. ಇಲ್ಲದಿದ್ದರೆ ಕಣಗಿಲೆ ಇರಲಿ. ನಿಮ್ಮ ಗ್ರೂಪಿಗೆ ಏನಾದರೂ ಕಳಿಸಬೇಕೆಂದರೆ ಇಷ್ಟನ್ನು ಕಳಿಸಿ: ಕಣಗಿಲೆಯನ್ನು ನೋಡಿ, ಮುಡಿಸಿ, ಪೂಜಿಸಿ. ತಿನ್ನಬೇಡಿ, ಕುದಿಸಬೇಡಿ, ಸವರಿದ್ದನ್ನು ಬೇಲಿಯಾಚೆ ಎಸೆಯಬೇಡಿ.