ದಿವ್ಯದಿಂದ ಆ್ಯಪಿನವರೆಗೆ

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಅದು ವ್ಯಾಖ್ಯಾನಿಸುವ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ತಕ್ಕಡಿ, ಬೆಂಕಿ, ನೀರು, ವಿಷ, ಕೋಶ ಎಂಬ ಐದು ದಿವ್ಯಗಳಿವೆ. ಬರಹ, ಅನುಭೋಗ, ಸಾಕ್ಷಿ ಯಾವುದೂ ಸಿಗದಾಗ ಮಾತ್ರ ಅವು.

ಇಂದು ಸಂಗಾತಿಯ ಮೇಲೆ ಶಂಕೆ ಬಂದರೆ ಮೊಬೈಲೇ ಮೊದಲ ದಿವ್ಯ. ಪತ್ತೇದಾರಿ ಆ್ಯಪ್ ಫೋನ್ ಎಲ್ಲಿತ್ತು, ಯಾರಿಗೆ ಕರೆ ಹೋಯಿತು ಎಂದು ತೋರಿಸೀತು. ಸಂಬಂಧ ಎಂಥದ್ದೆಂದು ಅದಕ್ಕೆ ತಿಳಿಯದು. ಹೆಂಡತಿಯ ಅಕ್ರಮ ಸಂಬಂಧ ಸಾಬೀತುಪಡಿಸಲು ಗಂಡನೊಬ್ಬ ಮೂರನೆಯ ವ್ಯಕ್ತಿಯ ಮೊಬೈಲ್ ಟವರ್ ವಿವರ ಕೇಳಿದ. ಅದು ಆ ವ್ಯಕ್ತಿಯ ಖಾಸಗಿತನದ ಉಲ್ಲಂಘನೆ ಎಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ.

ದಿವ್ಯವೂ ಸತ್ಯ ಹೇಳುತ್ತಿರಲಿಲ್ಲ, ನಿಜ. ಆದರೆ ಅದು ಸಭೆಯ ಎದುರು ನಡೆಯುತ್ತಿತ್ತು. ಆ್ಯಪಿನ ಪರೀಕ್ಷೆಯಲ್ಲಿ ಆರೋಪ ಹೊತ್ತವರಿಗೇ ಸುದ್ದಿಯಿಲ್ಲ, ದೂರುವವರೇ ನ್ಯಾಯಾಧೀಶರು.